ಎಡಗಡೆ ಸೀಟು

…ನಗಬೇಡ ತೀರ್ಥ, ನಗೋ ವಿಷಯ ಅಲ್ಲ ಇದು. ಕೆಳಗಡೆ ಒಂದು ಸಹಿ, ಅಷ್ಟೇ. ನಾಲ್ಕು ಗಂಟೆಗೆ ರ‍್ಯಾಲಿ ಕ್ಲಬ್ಬಿನವರು ಇಬ್ಬರು ಬರ್ತಾರೆ. ಕಾಗದ ಕೊಡು, ಕಾಫಿ ಕೊಡು, ಹೋಗ್ತಾರೆ. ಈಗ ಮೂರೂವರೆ.

ಓದಿ ಹೇಳಿದೆನಲ್ಲ. ಇನ್ನೊಂದು ಸಲ ಬೇಕಾ? ಸರಿ. ಇಂಗ್ಲಿಷಿನಲ್ಲಿ ಯಾಕೆ ಅಂತ ಕೇಳಬೇಡ. ವಿಚಾರಣೆ ಅಂದ್ರೆ ಇಂಗ್ಲಿಷೇ. ಕನ್ನಡದಲ್ಲಿ ಬರೆದ್ರೆ ಅದು ಬರೀ ದೂರು. ಕನ್ನಡ ಮಾಡಿ ಹೇಳ್ತೇನೆ, ಕೇಳು: 'ರ‍್ಯಾಲಿಯ ಕಡೇ ಸ್ಟೇಜಿನಲ್ಲಿ ನಮ್ಮ ಜಿಪ್ಸಿ ಗಾಡಿ ಸಿಲ್ವರ್ ಮರಕ್ಕೆ ಹೊಡೆದ ಮೇಲೆ, ನ್ಯಾವಿಗೇಟರ್ ತೀರ್ಥಪ್ರಸಾದ್ ಆದ ನಾನು, ಪೂರ್ತಿ ಎಚ್ಚರದಲ್ಲಿದ್ದು, ನನ್ನ ಸ್ವಂತ ತೀರ್ಮಾನದಿಂದ ಓಕೆ ಬೋರ್ಡ್ ತೋರಿಸಿದೆ. ಇದರಲ್ಲಿ ಡ್ರೈವರ್ ಕೀರ್ತಿಕುಮಾರ್ ಅವರ ಪಾತ್ರ ಏನೂ ಇಲ್ಲ.' ಮುಗೀತು. ಎರಡು ವಾಕ್ಯ.

ಏನು? 'ಅವರ' ಅಂದದ್ದಕ್ಕಾ? ನನಗೆ ನಾನೇ ಮರ್ಯಾದೆ ಕೊಟ್ಕೊಂಡೆ ಅಂತಲಾ? ಕಾಗದದಲ್ಲಿ 'ಮಿಸ್ಟರ್' ಅಂತ ಉಂಟು ಮಾರಾಯ, ಕನ್ನಡ ಮಾಡಿದ್ರೆ ಹಾಗೇ. ಬೇರೆ ಎಲ್ಲಿಯೂ ಸಿಗದ್ದು ಅಲ್ಲಾದ್ರೂ ಸಿಗ್ಲಿ.

ಓ, ಶೋಭಿತಾ… ಕಾಫಿ ಯಾಕಮ್ಮ ಈಗ… ಏಳಬೇಡ ತೀರ್ಥ, ಏಳಬೇಡ, ನಾನೇ ತಗೊಳ್ತೇನೆ!

…ಹ್ಞಾ. ಅಭ್ಯಾಸ. ಬಾಯಿಗೆ ಬಂದುಬಿಟ್ಟಿತು. ಮೂರು ವಾರ ಆದ್ರೂ ನನಗೇ ಅಭ್ಯಾಸ ಆಗಿಲ್ಲ, ಇನ್ನು ನಿನಗೆ… ಮೊಣಕಾಲು ಉಳಿದಿದೆಯಲ್ಲ, ಅದೇ ದೊಡ್ಡದು ಅಂತಾರೆ. ಮೊಣಕಾಲು ಇದ್ರೆ ಕೃತಕ ಕಾಲು ಸಲೀಸು ಅಂತೆ. ಅಂತೆ. ನನಗೇನು ಗೊತ್ತು.

ಕಾಫಿ ಇಟ್ಟು ಹೋದಳು. ನನ್ನ ಮುಖ ನೋಡಲಿಲ್ಲ, ಗಮನಿಸಿದ್ಯಾ? ಬಾಗಿಲ ಹಿಂದೆ ನಿಂತಿದ್ದಾಳೆ, ಸೀರೆ ಅಂಚು ಕಾಣ್ತದೆ. ಕೇಳಿಸ್ಕೊಳ್ಳಲಿ. ಒಳ್ಳೇದೇ. ಶೋಭಿತಾ, ನಿನಗೂ ಹೇಳ್ತೇನಮ್ಮ, ಕೇಳು. ಪ್ರತಿಯೊಂದು ಗಾಡಿಯಲ್ಲೂ ಒಂದು ಬೋರ್ಡ್ ಇರ್ತದೆ. ಒಂದು ಬದಿ ಹಸಿರು, ಓಕೆ ಅಂತ. ಇನ್ನೊಂದು ಬದಿ ಕೆಂಪು, ಎಸ್‌ಓಎಸ್. ಗಾಡಿ ಎಲ್ಲಾದ್ರೂ ಹೊಡೆದ್ರೆ ಎರಡರಲ್ಲಿ ಒಂದು ಬದಿಯನ್ನ ಹಿಂದೆ ಬರೋ ಗಾಡಿಗೆ ತೋರಿಸ್ಬೇಕು. ಕೆಂಪು ತೋರಿಸಿದ್ರೆ ಅವನು ನಿಲ್ಲಲೇಬೇಕು, ಸ್ಪರ್ಧೆಯೇ ನಿಲ್ತದೆ, ಆಂಬುಲೆನ್ಸ್ ಒಳಗೆ ಬರ್ತದೆ. ಹಸಿರು ತೋರಿಸಿದ್ರೆ ಅವನು ಹೋಗ್ತಾನೆ. ಧೂಳು ನಮ್ಮ ಬಾಯಿಗೆ. ಅಷ್ಟೇ ವಿಷಯ. ನಿನ್ನ ಗಂಡ ಹಸಿರು ತೋರಿಸಿದ. ಒಂಬತ್ತು ಗಾಡಿ ಹೋದವು.

ತಲೆ ಅಲ್ಲಾಡಿಸಬೇಡ ತೀರ್ಥ. ನಿನಗೆ ನೆನಪಿಲ್ಲ, ಅದಕ್ಕೇ ನಾನು ಹೇಳ್ತಿರೋದು. ಮೈಸೂರಿನ ಡಾಕ್ಟರು ನನ್ನೆದುರೇ ಹೇಳಿದ್ರು, ಅಷ್ಟು ರಕ್ತ ಹೋದವನಿಗೆ ಆ ಅರ್ಧ ಗಂಟೆ ಅಳಿಸಿಹೋಗಿರಬಹುದು ಅಂತ. ನಿನ್ನ ಪರವಾಗಿ ನಾನು ನೆನಪಿಟ್ಟುಕೊಂಡಿದ್ದೇನೆ.

ಎಂತ? ಬೆರಳು ಎಲ್ಲಿಟ್ಟಿದ್ದೀಯ… 'ಪೂರ್ತಿ ಎಚ್ಚರದಲ್ಲಿದ್ದು'. ಹೌದು. ಎಚ್ಚರ ಇತ್ತು, ಆದ್ರೆ ನೆನಪಿಲ್ಲ. ಎರಡೂ ಒಟ್ಟಿಗೆ ಸಾಧ್ಯ. ಪಿಯು ಮಕ್ಕಳಿಗೆ ತರ್ಕಶಾಸ್ತ್ರ ಹೇಳೋನು ನಾನು, ನೀನು ನನಗೆ ಹೇಳಿಕೊಡಬೇಡ. ನಮ್ಮ ಕಡೆ ಮದುವೆಮನೆಯಲ್ಲಿ ಕುಡಿದವರನ್ನ ನೋಡಿಲ್ವಾ? ಎಚ್ಚರ ಇರ್ತದೆ, ಕುಣೀತಾನೆ, ಯಾರದ್ದೋ ಕಾಲರ್ ಹಿಡೀತಾನೆ, ಬೆಳಿಗ್ಗೆ ಕೇಳಿದ್ರೆ 'ನಾನಾ?' ಅಂತಾನೆ.

ಹ್ಞೂಂ. ನಗು ಬಂತು. ಬರ್ಲಿ.

ನೋಡು, ಕ್ಲಬ್ಬಿನವರಿಗೆ ಬೇಕಾದ್ದು ಒಂದೇ ಉತ್ತರ. ಬೋರ್ಡ್ ಯಾರ ಕೈಯಲ್ಲಿತ್ತು. ನಮ್ಮ ಹಿಂದಿನ ಗಾಡಿ ಚೇತನ್‌ಕುಮಾರಂದು. ಅವನು ಹೇಳಿಕೆ ಕೊಟ್ಟಾಗಿದೆ: ಗೇರ್ ಇಳಿಸಿದೆ, ಕಿಟಕಿಯಿಂದ ಒಂದು ಕೈ ಕಂಡಿತು, ಹಸಿರು ಬದಿ ಕಂಡಿತು, ಹೋದೆ. ಯಾವ ಕಿಟಕಿ ಅಂತ ಕೇಳಿದ್ರಂತೆ. 'ಧೂಳಿನಲ್ಲಿ ಎಡ ಬಲ ಯಾರಿಗೆ ಗೊತ್ತು' ಅಂದನಂತೆ. ಬುದ್ಧಿವಂತ. ಗ್ಲೌಸ್ ಇಬ್ಬರದ್ದೂ ಒಂದೇ ಥರದ್ದು, ಒಟ್ಟಿಗೇ ತಗೊಂಡದ್ದು. ಆದ್ದರಿಂದ ಕೈ ಯಾರದ್ದು ಅಂತ ಹೇಳಬಲ್ಲವರು ಇಡೀ ಭೂಮಿ ಮೇಲೆ ಇಬ್ಬರೇ. ಒಬ್ಬನಿಗೆ ನೆನಪಿಲ್ಲ.

ನಾನು ತೋರಿಸಿದ್ದು ಅಂದ್ರೆ ಏನಾಗ್ತದೆ ಗೊತ್ತುಂಟಾ? ಕ್ಲಬ್ಬಿಂದ ಪೊಲೀಸಿಗೆ, ಪೊಲೀಸಿಂದ ಕಾಲೇಜಿಗೆ. ಸಸ್ಪೆಂಡ್. ಹದಿನಾಲ್ಕು ವರ್ಷದ ಸರ್ವಿಸ್. ನೀನು ತೋರಿಸಿದ್ದು ಅಂದ್ರೆ? ಗಾಯ ಆದವನೇ ಓಕೆ ತೋರಿಸಿದ ಅಂದ್ರೆ ಅದು ಧೈರ್ಯ. ಮಡಿಕೇರಿ ಪೇಪರಿನವರು ಫೋಟೋ ಹಾಕ್ತಾರೆ. ನಾನು ತೋರಿಸಿದ್ರೆ ಅಪರಾಧ, ನೀನು ತೋರಿಸಿದ್ರೆ ಧೈರ್ಯ. ಅದೇ ಬೋರ್ಡು, ಅದೇ ಬಣ್ಣ. ನಿನಗೆ ನಷ್ಟ ಏನು ಹೇಳು? ಹೋಗೋದು ಹೋಗಿ ಆಯ್ತು.

…ತಪ್ಪಾಯ್ತು. ಹಾಗೆ ಹೇಳಬಾರದಿತ್ತು.

ಅಪಘಾತ ನನ್ನದೇ. ಅದನ್ನ ಒಪ್ಪಿಕೊಂಡಿದ್ದೇನೆ, ಬರೆದೂ ಕೊಟ್ಟಿದ್ದೇನೆ. ತಿರುವು ತಿರುವಿಗೂ ನೀನು ಓದಿ ಹೇಳೋ ನೋಟ್ಸ್ ಸರಿ ಇತ್ತು. 'ಎಡ ಮೂರು, ಮೋರಿ, ಒಳಗೆ ಕಟ್ ಮಾಡಬೇಡ.' ನೀನು ಸ್ಪಷ್ಟವಾಗಿ ಹೇಳಿದೆ. ನಾನು ತಿರುವಿನ ಒಳಬದಿಗೆ ಕಟ್ ಮಾಡಿದೆ. ಮೋರಿಯ ಕಲ್ಲಿಗೆ ಹಿಂದಿನ ಚಕ್ರ ತಾಗಿತು, ಗಾಡಿ ಅಡ್ಡ ಹೋಯ್ತು, ಸಿಲ್ವರ್ ಮರ ಎಡಗಡೆ ಬಾಗಿಲೊಳಗೆ ಬಂತು. ಎಡಗಡೆ ನೀನು. ಬಲಗಡೆ ನನಗೆ ತರಚು ಗಾಯವೂ ಇಲ್ಲ. ಇದಕ್ಕೆಲ್ಲ ಅರ್ಥ ಹುಡುಕುವವರು ಹುಡುಕ್ತಾರೆ. ಭಾಗಮಂಡಲಕ್ಕೆ ಹೋಗಿ ಪೂಜೆ ಮಾಡಿಸು ಅಂದಳು ನಮ್ಮ ದಿವ್ಯಶ್ರೀ. ಮಾಡಿಸಿದೆ. ಹೆಂಡತಿ ಹೇಳಿದ್ಮೇಲೆ ನಂಬಿಕೆ ಇದ್ರೇನು ಇಲ್ಲದಿದ್ರೇನು.

ಅಲ್ಲ ಮಾರಾಯ, ಒಂದು ಯೋಚನೆ ಮಾಡು. ಏಳು ರ‍್ಯಾಲಿ ಆಗಿತ್ತು ನಮ್ಮದು. ಏಳರಲ್ಲೂ ರಿಸಲ್ಟ್ ಹಾಳೆಯ ಅಡಿಯಲ್ಲಿ ನಮ್ಮ ಹೆಸರು, ಮುಂದೆ ಡಿ.ಎನ್.ಎಫ್. ಮುಗಿಸಲಿಲ್ಲ ಅಂತ. ಮೊದಲನೇದರಲ್ಲಿ ಪೆಟ್ರೋಲ್ ಮುಗೀತು. ಸ್ಪರ್ಧೆಯಲ್ಲಿ ಅಲ್ಲ, ಒಂದು ಸ್ಟೇಜಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ! ಎರಡನೇದರಲ್ಲಿ ದಾರಿ ತಪ್ಪಿ ಯಾರದ್ದೋ ಕಣಕ್ಕೆ ನುಗ್ಗಿ, ಒಣಗೋಕೆ ಹಾಕಿದ್ದ ಕಾಫಿ ಮೇಲೆ ಗಾಡಿ ಓಡಿಸಿದೆವು. ಆ ಅಜ್ಜಿ ಕೊಡವ ಭಾಷೆಯಲ್ಲಿ ಎಂತೆಂತದೋ ಬೈದರು. ನನಗೆ ಅರ್ಥ ಆಗಲಿಲ್ಲ, ಅರ್ಥ ಆದ ನೀನು ಹೇಳಲಿಲ್ಲ. ಮೂರನೇದು ನೆನಪಿಸಬೇಡ. ನಾಲ್ಕನೇದರಲ್ಲಿ ಟೈಮ್ ಬರೆದುಕೊಳ್ಳೋ ಕಂಟ್ರೋಲ್ ಹತ್ರ ಎರಡು ನಿಮಿಷ ಬೇಗ ಹೋದೆವು ಅಂತ ದಂಡ ಹಾಕಿದ್ರು. ಬೇಗ ಬಂದದ್ದಕ್ಕೆ ಶಿಕ್ಷೆ ಕೊಡುವ ಜಾಗ ಇಡೀ ದೇಶದಲ್ಲಿ ಅದೊಂದೇ ಇರಬೇಕು. ಅದೇ ಸಿಟ್ಟಿನಲ್ಲಿ ಓಡಿಸಿ ಚರಂಡಿಗೆ ಇಳಿಸಿದೆ. ಐದನೇದು ರೇಡಿಯೇಟರ್. ಆರನೇದೂ ರೇಡಿಯೇಟರ್. ಏಳನೇದು ಪಂಕ್ಚರ್, ಸ್ಟೆಪ್ನಿ ತೆಗೆದು ನೋಡಿದ್ರೆ ಅದೂ ಪಂಕ್ಚರ್.

ಸ್ಟಾಫ್ ರೂಮಿನಲ್ಲಿ ಕಲ್ಲೇಶಪ್ಪ ಮೇಷ್ಟ್ರು ಪ್ರತೀ ಸೋಮವಾರ ಕೇಳ್ತಿದ್ರು, 'ಏನ್ರೀ ಕೀರ್ತಿ, ಈ ಸಲ ಮನೆಗೆ ಗಾಡಿಯಲ್ಲಿ ಬಂದ್ರೋ, ಬಸ್ಸಲ್ಲೋ?' ಎಲ್ಲರೂ ನಗೋರು. ನಾನೂ ನಗ್ತಿದ್ದೆ. ಯಾವುದನ್ನೂ ಗಂಭೀರವಾಗಿ ತಗೊಳ್ಳದವನು ಅಂತ ಹೆಸರಲ್ವಾ ನನಗೆ.

ಎಂಟನೇದರಲ್ಲಿ ಕಡೇ ಸ್ಟೇಜಿಗೆ ಬಂದೆವು ತೀರ್ಥ. ಕಡೇ ಸ್ಟೇಜು, ಹದಿನಾಲ್ಕು ಕಿಲೋಮೀಟರ್, ಹತ್ತು ಮುಗಿದಿತ್ತು. ನಾಲ್ಕು. ಬರೀ ನಾಲ್ಕು.

ಯಾಕೆ ಆ ಕಡೆ ತಿರುಗಿದೆ? ನೋವಾ? ಮಾತ್ರೆ ಕೊಡ್ಲಾ? ಬೇಡ. ಸರಿ.

ಆಮೇಲೆ ಏನಾಯ್ತು ಅಂತ ಹೇಳ್ತೇನೆ, ಅವರು ಕೇಳಿದ್ರೆ ನಿನಗೂ ಗೊತ್ತಿರ್ಲಿ. ನೀನು ಬೋರ್ಡ್ ತೋರಿಸಿದೆ. ಕಾಫಿ ಹಣ್ಣು ಕುಯ್ಯುವ ಆಳುಗಳು ಹತ್ತು ಹನ್ನೆರಡು ಜನ ಓಡಿ ಬಂದ್ರು, ಹಗ್ಗ ಹಾಕಿದ್ರು, ಹಾರೆ ಹಾಕಿ ಬಾಗಿಲು ಮೀಟಿದ್ರು. ಗಾಡಿ ರಸ್ತೆಗೆ ಬರೋಕೆ ಹದಿನೆಂಟು ನಿಮಿಷ. ಸ್ಟಾರ್ಟ್ ಆಯ್ತು. ಅಷ್ಟು ಹೊತ್ತಿಗೆ ನಿನಗೆ ಪ್ರಜ್ಞೆ ತಪ್ಪಿತ್ತು. ನನಗೆ ಒಂದೇ ಯೋಚನೆ, ನಿನ್ನನ್ನ ಬೇಗ ಡಾಕ್ಟರ ಹತ್ರ ಸೇರಿಸ್ಬೇಕು. ಸ್ಟೇಜಿನ ಕೊನೆಯಲ್ಲಿ ಜನ ಇರ್ತಾರೆ, ವಾಕಿ ಟಾಕಿ ಇರ್ತದೆ. ಅದಕ್ಕೆ ಓಡಿಸಿದೆ. ಸ್ಪರ್ಧೆಗಲ್ಲ. ನಿನಗೋಸ್ಕರ.

ಏನು ನೋಡ್ತೀಯ? ಬೇರೆ ದಾರಿ ಇತ್ತಾ? ಇರಲಿಲ್ಲ.

…ಕೆಂಚ ಬಂದಿದ್ನಾ ಇಲ್ಲಿಗೆ?

ಬಂದಿದ್ನಾ? ಯಾವಾಗ?… ಹ್ಞೂಂ. ಬರದೆ ಇರ್ತಾನಾ. ಪಕ್ಕದ ಎಸ್ಟೇಟಿನ ಮೇಸ್ತ್ರಿ, ನೀನು ಇಲ್ಲಿ ಲೆಕ್ಕ ಬರೆಯೋ ರೈಟರು, ದಿನಾ ಬೆಳಗಾದ್ರೆ ಮುಖ ನೋಡುವವರು. ಏನು ಹೇಳಿದ? ಜೀಪಿನ ವಿಷಯ ಹೇಳಿದ್ನಾ?

ಹೇಳಿದ್ದಾನೆ. ನಿನ್ನ ಮುಖ ನೋಡಿದ್ರೆ ಗೊತ್ತಾಗ್ತದೆ.

ಸರಿ. ಹೌದು. ಅವತ್ತು ಆಳುಗಳ ಜೊತೆ ಅವನೂ ಬಂದಿದ್ದ, ಹೇಳಿದ. 'ರೈಟ್ರನ್ನ ಇಲ್ಲೇ ಇಳಿಸಿ ಸಾರ್, ನಮ್ಮ ಜೀಪು ಗೋಡೌನ್ ಹತ್ರ ಉಂಟು, ಕೆಳಗಿನ ರಸ್ತೆಯಲ್ಲಿ ಗೋಣಿಕೊಪ್ಪ ಆಸ್ಪತ್ರೆಗೆ ಇಪ್ಪತ್ತು ನಿಮಿಷ' ಅಂದ. ನಿನ್ನ ಸೀಟ್ ಬೆಲ್ಟಿಗೆ ಕೈಯನ್ನೂ ಹಾಕಿದ. ನಾನು ಬೇಡ ಅಂದೆ. ಕೈ ತೆಗಿ ಅಂದೆ. ಮೇಸ್ತ್ರಿಗೆ ಏನು ಗೊತ್ತು ಅಂತ… ಕಾಲು ಮುರಿದವನನ್ನ ಹಾಗೆಲ್ಲ ಎಳೆದಾಡಬಾರದು ಅಂತ ಪ್ರಥಮ ಚಿಕಿತ್ಸೆಯಲ್ಲಿ ಹೇಳ್ತಾರಲ್ಲ…

ಹಾಗೆ ನೋಡಬೇಡ.

ನಿಯಮ ನಿನಗೂ ಗೊತ್ತು. ರ‍್ಯಾಲಿ ಪುಸ್ತಕ ನನಗಿಂತ ಚೆನ್ನಾಗಿ ಓದಿದವನು ನೀನು. ಇಬ್ಬರೂ ಗಾಡಿಯಲ್ಲಿರಬೇಕು. ಸ್ಟೇಜಿನ ನಡುವೆ ಒಬ್ಬ ಇಳಿದು ಹೋದ್ರೆ ಗಾಡಿ ಔಟ್. ಎಡಗಡೆ ಸೀಟು ಖಾಲಿ ಇಟ್ಕೊಂಡು ಹೋದ್ರೆ ಹೋದ ಹಾಗೇ ಅಲ್ಲ. ಕೆಂಚನ ಜೀಪಿಗೆ ನಿನ್ನನ್ನ ಹತ್ತಿಸಿದ್ದಿದ್ರೆ… ಎಂಟನೇ ಡಿ.ಎನ್.ಎಫ್.

ಹೇಳಿಯಾಯ್ತು. ಇದು ಬೇಕಿತ್ತಾ ನಿನಗೆ? ತಗೋ.

ಕೆಂಪು ತೋರಿಸಿದ್ರೂ ಅದೇ. ಎಲ್ಲ ಅಲ್ಲೇ ನಿಲ್ತಿತ್ತು. ನೀನು ಬೋರ್ಡಿಗೆ ಕೈ ಹಾಕಲೇ ಇಲ್ಲ. ನಿನ್ನ ಎರಡೂ ಕೈ ತೊಡೆ ಹಿಡ್ಕೊಂಡಿದ್ದವು. ಸೀಟಿನ ಹಿಂದಿಂದ ತೆಗೆದವನು ನಾನು, ಯಾವ ಬದಿ ಅಂತ ನೋಡಿ ತಿರುಗಿಸಿ ಹಿಡಿದವನೂ ನಾನು. ಮೊದಲ ಗಾಡಿ ಹೋಗುವಾಗ ಮುಖ ಬಗ್ಗಿಸಿದ್ದೆ. ಒಂಬತ್ತನೇದನ್ನ ನೇರ ನೋಡಿದೆ. ಯಾವುದಕ್ಕಾದರೂ ಅಭ್ಯಾಸ ಆಗ್ತದೆ ಮನುಷ್ಯನಿಗೆ.

ಮತ್ತೆ ಸಿಕ್ಕಿದ್ದೇನು? ಸ್ಟೇಜಿನ ಕೊನೆಯಲ್ಲಿ ರಕ್ತ ನೋಡಿ ಕ್ಲಬ್ಬಿನವರೇ ನಿನ್ನನ್ನ ಇಳಿಸಿಕೊಂಡ್ರು. ಅಲ್ಲಿಂದ ರ‍್ಯಾಲಿ ಮುಗಿಯೋ ಮೈದಾನಕ್ಕೆ ಇನ್ನೂ ಆರು ಕಿಲೋಮೀಟರ್ ಉಂಟು, ಅದಕ್ಕೂ ಇಬ್ಬರೂ ಬೇಕು. ಡಿ.ಎನ್.ಎಫ್. ತಮಾಷೆ ನೋಡು! ಹದಿನೆಂಟು ನಿಮಿಷ, ಆಮೇಲೆ ನಾಲ್ಕು ಕಿಲೋಮೀಟರ್, ಆಮೇಲೆ ಸ್ಟೇಜಿನ ಆ ತುದಿಯಿಂದ ಆಂಬುಲೆನ್ಸ್ ಬರೋಕೆ ಕಾದ ನಲವತ್ತು ನಿಮಿಷ, ಎಲ್ಲ ಸೇರಿ ಬಂದದ್ದು ಅದೇ ಮೂರು ಅಕ್ಷರ. ಒಂದು ಗಂಟೆ ಮೊದಲು ತಂದಿದ್ರೆ ಅಂತ ಡಾಕ್ಟರು ಶೋಭಿತಾಗೆ ಹೇಳಿದ್ರಂತೆ. ಡಾಕ್ಟರುಗಳು ಎಲ್ಲರಿಗೂ ಹಾಗೇ ಹೇಳ್ತಾರೆ. ಅದು ಅವರ…

ಬಿಡು.

ಆದ್ರೆ ಒಂದು ಮಾತು ಕೇಳು ತೀರ್ಥ. ಇದೊಂದು ಮಾತು ನಿಜ. ಬೋರ್ಡ್ ವಿಷಯ ನಾನು ಸುಳ್ಳು ಹೇಳಿದೆ, ಜೀಪಿನ ವಿಷಯ ಮುಚ್ಚಿಟ್ಟೆ, ಆಯ್ತು. ಆದ್ರೆ ಆ ನಾಲ್ಕು ಕಿಲೋಮೀಟರ್… ನಿನ್ನಿಂದ ಒಂದು ಶಬ್ದ ಇಲ್ಲ. ಒಂದೇ ಒಂದು ಶಬ್ದ. ಒಂದು ಸಲ 'ನಿಲ್ಸು' ಅಂದಿದ್ರೆ ನಾನು ನಿಲ್ಲಿಸ್ತಿದ್ದೆ. ಅಷ್ಟು ಕಟುಕ ಅಲ್ಲ ನಾನು. ಇಪ್ಪತ್ತು ವರ್ಷದ ಸ್ನೇಹ. ಮಡಿಕೇರಿಯಲ್ಲಿ ಒಂದೇ ಬೆಂಚು, ಒಂದೇ ರೂಮು, ನಿನ್ನ ಅಂಗಿ ನಾನು, ನನ್ನ ಅಂಗಿ ನೀನು. ನೀನು ಹೇಳಿದ್ರೆ ನಾನು ಕೇಳ್ತಿರಲಿಲ್ವಾ? ಕೇಳ್ತಿದ್ದೆ. ನೀನು ಹೇಳಲಿಲ್ಲ. ಪ್ರಜ್ಞೆ ಇರಲಿಲ್ಲ ನಿನಗೆ. ಅಲ್ವಾ?

ಅಲ್ವಾ?

ಅಷ್ಟಕ್ಕಾದ್ರೂ ಹ್ಞೂಂ ಅನ್ನು. ತಲೆಯನ್ನಾದ್ರೂ ಅಲ್ಲಾಡಿಸು. ಈಗ ತಾನೇ ನಗ್ತಿದ್ದೆ…

ಮಾತಾಡು ಮಾರಾಯ. ಬಂದಾಗಿಂದ ನಾನೊಬ್ಬನೇ ಬಡಬಡ ಅಂತಿದ್ದೇನೆ. ಹಾಗೆ ಬಾಯಿ ಮುಚ್ಕೊಂಡು ನೋಡಬೇಡ, ನನಗೆ ಆಗಲ್ಲ. ಅವತ್ತೇನು ನೀನು ಬಾಯಿ ಮುಚ್ಚಿರಲಿಲ್ಲವಲ್ಲ…

…

ಇಲ್ಲ. ನಾನು ಹೇಳಿದ್ದು…

ಬಾಯಿ ಅಲ್ಲಾಡ್ತಿತ್ತು. ಅಷ್ಟೇ. ಹೆಲ್ಮೆಟ್ ಒಳಗೆ. ಓರೆಗಣ್ಣಲ್ಲಿ ಕಂಡಿತು. ಆ ಗಾಡಿಯ ಗಲಾಟೆಯಲ್ಲಿ ಹೆಲ್ಮೆಟ್ಟಿನ ಮೈಕಿನ ವೈರು ಇಲ್ಲದೆ ಒಬ್ಬರ ಮಾತು ಒಬ್ಬರಿಗೆ ಕೇಳಿಸ್ತದಾ? ಕೇಳಿಸಲ್ಲ. ನಿನ್ನ ವೈರು ಕಳಚಿತ್ತು. ಮರಕ್ಕೆ ಹೊಡೆದಾಗ ಕಳಚಿರಬೇಕು.

ಹೊಡೆತಕ್ಕೆ ಕಳಚಿದ್ರೆ… ಮೊದಲಿನ ಎರಡು ಸಲ ನನಗೆ ಹೇಗೆ ಕೇಳಿಸ್ತು?

ನೀನು ಕೇಳಲಿಲ್ಲ ಈ ಪ್ರಶ್ನೆ. ಗೊತ್ತು. ನೀನು ಏನನ್ನೂ ಕೇಳ್ತಿಲ್ಲ. ಇಷ್ಟು ಸುಮ್ಮನೆ ಇರೋಕೆ ಎಲ್ಲಿ ಕಲಿತೆ ನೀನು?

ಎರಡು ಸಲ. 'ನಿಲ್ಸು ಕೀರ್ತಿ.' ಕಿವಿಯ ಒಳಗೇ ಹೇಳಿದ ಹಾಗೆ. ಗಾಡಿಯಲ್ಲಿ ಯಾವಾಗಲೂ 'ಮೇಷ್ಟ್ರೇ' ಅಂತ ಗೇಲಿ ಮಾಡ್ತಿದ್ದವನು, ಅವತ್ತು ಹೆಸರು ಹಿಡಿದು ಕರೆದೆ. ಕೂಗಲೂ ಇಲ್ಲ. ಕೂಗಿದ್ರೆ ತಡ್ಕೊಳ್ತಿದ್ದೆನೋ ಏನೋ. ಮೆಲ್ಲಗೆ ಹೇಳಿದೆ. ಮೂರನೇ ಸಲ 'ನಿ…' ಅನ್ನುವಾಗ ನಾನು ಕೈ ಹಾಕಿ ಕಿತ್ತೆ. ಎಡಗೈ. ಗೇರ್ ಹಾಕಿ, ಹಾಗೇ ಮೇಲೆ ಹೋಗಿ, ವೈರು ಎಳೆದು, ಮತ್ತೆ ಸ್ಟೇರಿಂಗಿಗೆ. ಒಂದು ಸೆಕೆಂಡಿನ ಕೆಲಸ.

ನಿನಗೆ ಗೊತ್ತಿತ್ತು. ಮೊದಲಿಂದಲೂ. ನಾನು ಬಂದು ಕೂತು, ಇಂಗ್ಲಿಷ್ ಕಾಗದ ತೆಗೆದು, ಎರಡೆರಡು ಸಲ ಓದಿ ಹೇಳುವಾಗಲೂ… ಎಲ್ಲ ನೆನಪಿತ್ತು. ಅಲ್ವಾ?

ಆಮೇಲೆ ಬರೀ ಇಂಜಿನ್ ಶಬ್ದ. ಆರಾಮಾಗಿತ್ತು ನನಗೆ. ಹೌದು, ಆರಾಮಾಗಿತ್ತು, ಅದನ್ನೂ ಹೇಳಿಬಿಡ್ತೇನೆ. ಆದ್ರೆ ನಿನ್ನ ಬಾಯಿ ನಿಲ್ಲಲಿಲ್ಲ. ನೋಟ್ಸ್ ಪುಸ್ತಕ ತೊಡೆ ಮೇಲೆ ಇತ್ತು, ರಕ್ತ ಆಗಿತ್ತು, ಬೆರಳು ಸಾಲಿಂದ ಸಾಲಿಗೆ ಹೋಗ್ತಿತ್ತು. ನೀನು ಹಾಳೆ ತಿರುಗಿಸಿದೆ ಕೂಡ. ಇವನು ನಿಲ್ಲಿಸಲ್ಲ ಅಂತ ಗೊತ್ತಾದ ಮೇಲೆ… ನೋಟ್ಸ್ ಓದ್ತಿದ್ಯಾ ತೀರ್ಥ? ನನಗೆ ಕೇಳಿಸ್ತದೆ ಅಂದ್ಕೊಂಡು? ಬಲ ಎರಡು, ಎಡ ನಾಲ್ಕು ಅಂತ? ಇಲ್ಲ, ಬೇರೆ ಏನಾದ್ರೂ ಹೇಳ್ತಿದ್ಯಾ?

ಅದೊಂದು ಹೇಳು. ನಿದ್ದೆ ಬರಲ್ಲ ನನಗೆ. ಸಹಿ ಬೇಡ. ಹಾಳಾಗಿ ಹೋಗ್ಲಿ ಸಹಿ. ಆಗ ಏನು ಹೇಳ್ತಿದ್ದೆ, ಅಷ್ಟು ಹೇಳು.

…ಗೇಟಿನ ಹತ್ರ ಗಾಡಿ. ಅವರೇ ಇರ್ಬೇಕು. ಹತ್ತು ನಿಮಿಷ ಬೇಗ ಬಂದಿದ್ದಾರೆ.

ಶೋಭಿತಾ… ಎಲ್ಲ ಕೇಳಿಸ್ಕೊಂಡ್ಯಾ… ಹೋಗಬೇಡಮ್ಮ, ಗೇಟು ಈಗಲೇ ತೆಗೀಬೇಡ, ಒಂದು ನಿಮಿಷ… ಹೋದಳು.

ತೀರ್ಥ, ಆ ಕಾಗದ ಕೊಡು ಇಲ್ಲಿ. ಹರಿದು ಹಾಕ್ತೇನೆ. ಏನೂ ಬರೆದೇ ಇಲ್ಲ ಅಂದ್ಕೋ. ಕೊಡು.

ಬಿಡು. ಬಿಡು ಮಾರಾಯ, ಯಾಕೆ ಅಷ್ಟು ಗಟ್ಟಿ ಹಿಡ್ಕೊಂಡಿದ್ದೀಯ? ನೀನು ಸಹಿ ಹಾಕಿಲ್ಲ, ಅದರಲ್ಲಿ ನಿನ್ನದು ಅನ್ನುವಂಥದ್ದು ಒಂದು ಅಕ್ಷರವೂ ಇಲ್ಲ…

ಪೂರ್ತಿ ನನ್ನ ಕೈಬರಹ ಅದು, ತೀರ್ಥ.